ತೂಕ ಇಳಿಸುವ ಶಸ್ತ್ರಚಿಕಿತ್ಸೆ: ಸಂಶೋಧನೆಯ ಅಂಕಿಗಳನ್ನು ಓದುವುದು ಹೇಗೆ?

ಬೇರಿಯಾಟ್ರಿಕ್ ಸರ್ಜರಿಯ ವಿಚಾರವಾಗಿ ಆಸ್ಪತ್ರೆಗೆ ಹೋದ ಕುಟುಂಬಕ್ಕೆ ಮೊದಲು ಸಿಗುವುದು ಅಂಕಿಗಳು. ಇಷ್ಟು ಶೇಕಡಾ ತೂಕ ಇಳಿಯುತ್ತದೆ, ಇಷ್ಟು ಜನರಿಗೆ ಸಕ್ಕರೆ ಕಾಯಿಲೆ ಹತೋಟಿಗೆ ಬರುತ್ತದೆ, ಇಷ್ಟು ದಿನಕ್ಕೆ ಮನೆಗೆ ಹೋಗಬಹುದು ಎಂದು ಹೇಳಲಾಗುತ್ತದೆ. ಇವು ಸಾಮಾನ್ಯವಾಗಿ ಯಾವುದೋ ಅಧ್ಯಯನದಿಂದಲೇ ಬಂದಿರುತ್ತವೆ. ಆದರೆ ಅಲ್ಲಿಂದ ನಮ್ಮ ಕಿವಿಗೆ ಬೀಳುವಷ್ಟರಲ್ಲಿ ಅಂಕಿಯ ಜೊತೆಗಿದ್ದ ಷರತ್ತುಗಳು ಉದುರಿಹೋಗಿರುತ್ತವೆ. ಅವನ್ನು ಮತ್ತೆ ಹುಡುಕಿಕೊಳ್ಳಲು ವೈದ್ಯಕೀಯ ಪದವಿ ಬೇಕಿಲ್ಲ; ಪ್ರಬಂಧಗಳ ಸಾರಾಂಶ ಪಬ್‌ಮೆಡ್ ತಾಣದಲ್ಲಿ ಉಚಿತವಾಗಿ ಸಿಗುತ್ತದೆ, ಸಾವಧಾನವಾಗಿ ಓದಿದರೆ ಒಂದು ಸಂಜೆ ಸಾಕು.

ಮೊದಲು ನೋಡಬೇಕಾದದ್ದು, ಶೇಕಡಾ ಲೆಕ್ಕ ಯಾವುದರ ಮೇಲೆ ಎಂಬುದನ್ನು. 160 ಸೆಂ.ಮೀ. ಎತ್ತರ, 110 ಕೆ.ಜಿ. ತೂಕದ ಒಬ್ಬ ಮಹಿಳೆಯನ್ನು ಊಹಿಸಿಕೊಳ್ಳಿ. ಅವರ ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕವಿದೆಯೇ ಎಂದು ಅಳೆಯುವ ಸೂಚ್ಯಂಕ, ಸುಮಾರು 43. ಬಿಎಂಐ 25 ಆಗಬೇಕಾದರೆ ಅವರ ತೂಕ 64 ಕೆ.ಜಿ. ಇರಬೇಕು, ಅಂದರೆ ಮೈಮೇಲಿರುವ ‘ಹೆಚ್ಚುವರಿ ತೂಕ’ 46 ಕೆ.ಜಿ. ಶಸ್ತ್ರಚಿಕಿತ್ಸೆಯ ನಂತರ ಅವರು 30 ಕೆ.ಜಿ. ಇಳಿದರೆಂದಿಟ್ಟುಕೊಳ್ಳಿ. ಹೆಚ್ಚುವರಿ ತೂಕದ ಮೇಲೆ ಲೆಕ್ಕ ಹಾಕಿದರೆ ಇದು ಶೇ 65. ಒಟ್ಟು ತೂಕದ ಮೇಲೆ ಲೆಕ್ಕ ಹಾಕಿದರೆ ಶೇ 27. ಇಳಿದ ಕೆ.ಜಿ. ಮಾತ್ರ ಎರಡರಲ್ಲೂ ಒಂದೇ. ಸಂಶೋಧಕರು ಎರಡನ್ನೂ ಬಳಸುತ್ತಾರೆ, ಎರಡೂ ಸರಿಯೇ. ಆದರೆ ಜಾಹೀರಾತಿನಲ್ಲಿ ಶೇ 65 ಎಂದು ಓದಿದವರು 110 ಕೆ.ಜಿ.ಯಲ್ಲಿ 71 ಕೆ.ಜಿ. ಹೋಗುತ್ತದೆ ಎಂದುಕೊಂಡರೆ ಆ ತಪ್ಪು ಓದಿದವರದಲ್ಲ.

ಎರಡನೆಯದು, ಹೋಲಿಕೆ ಯಾರೊಂದಿಗೆ ಎಂಬುದು. ಸ್ವೀಡನ್ನಿನಲ್ಲಿ 1987ರಲ್ಲಿ ಆರಂಭವಾದ ‘ಸ್ವೀಡಿಷ್ ಒಬೀಸ್ ಸಬ್ಜೆಕ್ಟ್ಸ್’ ಅಧ್ಯಯನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 2,010 ಮಂದಿಯನ್ನು, ಸಾಮಾನ್ಯ ಚಿಕಿತ್ಸೆಯಲ್ಲೇ ಉಳಿದ 2,037 ಮಂದಿಯೊಂದಿಗೆ ಹೋಲಿಸಿತು. ಸರಾಸರಿ ಸುಮಾರು 11 ವರ್ಷಗಳ ನಂತರ, 2007ರಲ್ಲಿ ಪ್ರಕಟವಾದ ಫಲಿತಾಂಶದಂತೆ, ವಯಸ್ಸು ಮುಂತಾದ ವ್ಯತ್ಯಾಸಗಳನ್ನು ಸರಿದೂಗಿಸಿದಾಗ ಸಾವಿನ ಅಪಾಯ ಶೇ 29ರಷ್ಟು ಕಡಿಮೆಯಾಗಿತ್ತು. ಅದೇ ಪ್ರಬಂಧದಲ್ಲಿ ತಲೆ ಎಣಿಕೆಯೂ ಇದೆ: ಮೊದಲ ಗುಂಪಿನಲ್ಲಿ 101 ಸಾವು, ಎರಡನೆಯದರಲ್ಲಿ 129. ನೂರಕ್ಕೆ ಐದು ಮತ್ತು ನೂರಕ್ಕೆ ಆರಕ್ಕಿಂತ ತುಸು ಹೆಚ್ಚು. ಲಾಭ ನಿಜವಾದದ್ದೇ, ಆದರೆ ‘ಶೇ 29’ ಎಂದು ಕೇಳಿದಾಗ ಮನಸ್ಸಿಗೆ ಬರುವ ಗಾತ್ರ ಬೇರೆ, ತಲೆ ಎಣಿಸಿದಾಗ ಕಾಣುವ ಗಾತ್ರ ಬೇರೆ. ಇನ್ನೊಂದು ವಿಷಯವನ್ನೂ ಗಮನಿಸಬೇಕು. ಅಲ್ಲಿ ಯಾರಿಗೆ ಶಸ್ತ್ರಚಿಕಿತ್ಸೆ ಎಂಬುದನ್ನು ಚೀಟಿ ಎತ್ತಿ ನಿರ್ಧರಿಸಿರಲಿಲ್ಲ, ಬೇಕೆಂದವರಿಗೆ ಮಾಡಲಾಯಿತು. ಮಾಡಿದ್ದು ಕೂಡ ಹೆಚ್ಚಿನವರಿಗೆ ಈಗ ಬಹುಮಟ್ಟಿಗೆ ಕೈಬಿಟ್ಟಿರುವ ವಿಧಾನ.

ಚೀಟಿ ಎತ್ತಿದಂತೆ ರೋಗಿಗಳನ್ನು ಹಂಚುವ ಪ್ರಯೋಗಗಳೇ ಹೆಚ್ಚು ನಂಬಲರ್ಹ. ಅವುಗಳಲ್ಲಿ ನನಗೆ ಬಹಳ ಅಚ್ಚುಮೆಚ್ಚಾದದ್ದು ತೂಕಕ್ಕೆ ಸಂಬಂಧಿಸಿದ್ದಲ್ಲ, ಪಿತ್ತಕೋಶ ತೆಗೆಯುವುದಕ್ಕೆ ಸಂಬಂಧಿಸಿದ್ದು. ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ 200 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ಲ್ಯಾಪರೋಸ್ಕೋಪಿಯಿಂದ (ಸಣ್ಣ ತೂತುಗಳ ಮೂಲಕ ಮಾಡುವ ‘ಕೀಹೋಲ್’ ವಿಧಾನ), ಉಳಿದವರಿಗೆ ಚಿಕ್ಕದೊಂದು ಗಾಯ ಮಾಡಿ ಶಸ್ತ್ರಚಿಕಿತ್ಸೆ ನಡೆಸಿದರು. ನಂತರ ಎಲ್ಲರ ಹೊಟ್ಟೆಗೂ ಒಂದೇ ಬಗೆಯ ಡ್ರೆಸ್ಸಿಂಗ್ ಅಂಟಿಸಿದರು. ಪಟ್ಟಿಯ ಕೆಳಗಿರುವುದು ತೂತುಗಳೋ ಗೀರೋ ಎಂಬುದು ವಾರ್ಡಿನಲ್ಲಿ ಆರೈಕೆ ಮಾಡುವವರಿಗೆ ತಿಳಿಯಬಾರದು ಎಂಬುದೇ ಉದ್ದೇಶ. 1996ರಲ್ಲಿ ಪ್ರಕಟವಾದ ಫಲಿತಾಂಶ ನೋಡಿದರೆ, ಎರಡೂ ಗುಂಪಿನವರು ಸುಮಾರು ಮೂರು ರಾತ್ರಿಯೇ ಆಸ್ಪತ್ರೆಯಲ್ಲಿದ್ದರು. ಕೀಹೋಲ್ ಎಂದರೆ ಬೇಗ ಮನೆಗೆ ಎಂಬ ಮಾತಿನಲ್ಲಿ ಎಲ್ಲರ ನಿರೀಕ್ಷೆಯ ಪಾಲೂ ಸೇರಿರುತ್ತದೆ ಎಂಬುದನ್ನು ಆ ಡ್ರೆಸ್ಸಿಂಗ್ ಪಟ್ಟಿ ತೋರಿಸಿಕೊಟ್ಟಿತು. ಹಾಗೆಂದು ಲ್ಯಾಪರೋಸ್ಕೋಪಿ ವ್ಯರ್ಥವೆಂದಲ್ಲ. ದೊಡ್ಡ ಗಾಯದ ಶಸ್ತ್ರಚಿಕಿತ್ಸೆಗೆ ಹೋಲಿಸಿದರೆ ಅದರ ಅನುಕೂಲ ಸ್ಪಷ್ಟ. ಹೋಲಿಸಿದ್ದು ಯಾವುದಕ್ಕೆ ಎಂದು ನೋಡಬೇಕು, ಅಷ್ಟೆ.

ಮೂರನೆಯ ಹೆಜ್ಜೆ ಕಾಲಾವಧಿ. ಇಲ್ಲಿ ಅವಸರ ಮಾಡಬೇಡಿ. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನ ‘ಸ್ಟ್ಯಾಂಪೀಡ್’ ಪ್ರಯೋಗದಲ್ಲಿ ಮಧುಮೇಹವಿದ್ದ 150 ಮಂದಿಯನ್ನು ಔಷಧ, ಗ್ಯಾಸ್ಟ್ರಿಕ್ ಬೈಪಾಸ್ (ಜಠರದ ಮೇಲ್ಭಾಗವನ್ನು ಚಿಕ್ಕ ಚೀಲವಾಗಿಸಿ ಸಣ್ಣ ಕರುಳಿಗೆ ಜೋಡಿಸುವುದು), ಸ್ಲೀವ್ (ಜಠರವನ್ನು ಕಿರಿದಾದ ಕೊಳವೆಯಾಗಿಸುವುದು) ಎಂದು ಮೂರು ಗುಂಪು ಮಾಡಲಾಯಿತು. ಶಸ್ತ್ರಚಿಕಿತ್ಸೆಯ ಗುಂಪುಗಳಿಗೂ ಔಷಧ ಮುಂದುವರಿಯಿತು. ಮೂರು ತಿಂಗಳ ಸಕ್ಕರೆಯ ಸರಾಸರಿ, ಅಂದರೆ ಎಚ್‌ಬಿಎ1ಸಿ, ಶೇ 6 ಅಥವಾ ಅದಕ್ಕಿಂತ ಕೆಳಗೆ ಬಂದರೆ ಗೆಲುವು ಎಂದು ಲೆಕ್ಕ. ಒಂದು ವರ್ಷದ ನಂತರ ಗೆದ್ದವರು ಔಷಧದ ಗುಂಪಿನಲ್ಲಿ ಶೇ 12, ಬೈಪಾಸ್‌ನಲ್ಲಿ ಶೇ 42, ಸ್ಲೀವ್‌ನಲ್ಲಿ ಶೇ 37. ಐದು ವರ್ಷದ ನಂತರ ಇದೇ ಅಂಕಿಗಳು 5, 29 ಮತ್ತು 23ಕ್ಕೆ ಇಳಿದಿದ್ದವು. ಶಸ್ತ್ರಚಿಕಿತ್ಸೆಯ ಮೇಲುಗೈ ಐದು ವರ್ಷ ಕಳೆದರೂ ಉಳಿದಿತ್ತು, ಆದರೆ ಗೆದ್ದವರ ಸಂಖ್ಯೆ ಕರಗಿತ್ತು. ಒಂದೇ ವರ್ಷದ ಪ್ರಬಂಧ ಓದಿದವರಿಗೆ ಇದರ ಅರ್ಧ ಕಥೆ ಮಾತ್ರ ಗೊತ್ತಾಗುತ್ತದೆ. ಇನ್ನೂ ಒಂದು ಸೂಕ್ಷ್ಮವಿದೆ: ಆ ಗುರಿಯನ್ನು ಮಾತ್ರೆ ನುಂಗುತ್ತಲೇ ಮುಟ್ಟಿದವರನ್ನೂ ಗೆದ್ದವರೆಂದೇ ಎಣಿಸಲಾಗಿತ್ತು. ಆದ್ದರಿಂದ ‘ಗುರಿ ಮುಟ್ಟಿತು’ ಎಂಬುದನ್ನು ‘ಮಾತ್ರೆ ನಿಂತಿತು’ ಎಂದು ಓದಬಾರದು.

ಕೆಲವು ತೊಂದರೆಗಳು ಕಾಣಿಸಿಕೊಳ್ಳುವುದೇ ತಡವಾಗಿ. ಸ್ಲೀವ್ ವಿಧಾನದಲ್ಲಿ ಜಠರದ ಬಹುಭಾಗವನ್ನು ಸ್ಟೇಪ್ಲರ್‌ನಿಂದ ಕತ್ತರಿಸಿ ತೆಗೆದು, ಬಾಳೆಹಣ್ಣಿನಂಥ ಕೊಳವೆಯನ್ನಷ್ಟೇ ಉಳಿಸುತ್ತಾರೆ. ಫಿನ್‌ಲ್ಯಾಂಡಿನಲ್ಲಿ 240 ಮಂದಿಯ ಮೇಲೆ ನಡೆದ ‘ಸ್ಲೀವ್‌ಪಾಸ್’ ಪ್ರಯೋಗದ ಹತ್ತು ವರ್ಷಗಳ ವರದಿ 2022ರಲ್ಲಿ ಬಂತು. ಎಂಡೋಸ್ಕೋಪಿ ಮಾಡಿ ನೋಡಿದಾಗ ಸ್ಲೀವ್ ಆದವರಲ್ಲಿ ಶೇ 31ರಷ್ಟು ಜನರ ಅನ್ನನಾಳದಲ್ಲಿ ಆಮ್ಲದಿಂದಾದ ಉರಿಯೂತವಿತ್ತು, ಬೈಪಾಸ್ ಆದವರಲ್ಲಿ ಶೇ 7. ಈಗಾಗಲೇ ಎದೆಯುರಿ, ಹುಳಿತೇಗಿನಿಂದ ಬಳಲುವವರು ಸ್ಲೀವ್‌ಗೆ ಒಪ್ಪುವ ಮೊದಲು ಈ ಒಂದು ಸಾಲನ್ನು ವೈದ್ಯರ ಮುಂದಿಟ್ಟು ಚರ್ಚಿಸಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಲಾವಧಿಯ ಜೊತೆಗೇ, ಕೊನೆಯವರೆಗೆ ಉಳಿದವರೆಷ್ಟು ಎಂಬುದನ್ನೂ ನೋಡಿ. ಸ್ಟ್ಯಾಂಪೀಡ್‌ನಲ್ಲಿ 150ರಲ್ಲಿ 134 ಮಂದಿಯ ಐದು ವರ್ಷದ ಮಾಹಿತಿ ಇತ್ತು. ಇದು ಒಳ್ಳೆಯ ಪ್ರಮಾಣ. ಅರ್ಧಕ್ಕರ್ಧ ಜನ ಕಾಣೆಯಾಗಿರುವ ವರದಿಯಾದರೆ ಎಚ್ಚರ ಬೇಕು, ಏಕೆಂದರೆ ತೂಕ ಮತ್ತೆ ಏರಿದವರು ಸಂಕೋಚದಿಂದ ತಪಾಸಣೆಗೆ ಬಾರದೆ ಇರಬಹುದು.

ತೊಡಕುಗಳ ಪಟ್ಟಿಯನ್ನು ಓದುವಾಗ 30 ದಿನದ ಲೆಕ್ಕವೋ ದೀರ್ಘಾವಧಿಯ ಲೆಕ್ಕವೋ ಎಂದು ಗುರುತಿಸಿಕೊಳ್ಳಿ. ಅಮೆರಿಕದಲ್ಲಿ 4,776 ಮಂದಿಯನ್ನು ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 30 ದಿನದೊಳಗಿನ ಸಾವು ಶೇ 0.3 ಇತ್ತು, ಗಂಭೀರ ತೊಂದರೆ ಶೇ 4.3. ಬಿ12 ವಿಟಮಿನ್, ಕಬ್ಬಿಣಾಂಶದ ಕೊರತೆ ಇಂಥ 30 ದಿನದ ಪಟ್ಟಿಯಲ್ಲಿ ಇರುವುದಿಲ್ಲ, ಅವು ತಿಂಗಳು, ವರ್ಷಗಳ ನಂತರ ಬರುವಂಥವು.

ಇನ್ನುಳಿದದ್ದು, ಅಧ್ಯಯನದ ಅಂಕಿ ನಿಮ್ಮ ಶಸ್ತ್ರವೈದ್ಯರಿಗೂ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆ. ಅಮೆರಿಕದ ಮಿಷಿಗನ್‌ನಲ್ಲಿ 20 ಶಸ್ತ್ರವೈದ್ಯರು ತಾವು ಮಾಡಿದ ಲ್ಯಾಪರೋಸ್ಕೋಪಿಕ್ ಬೈಪಾಸ್‌ನ ಒಂದೊಂದು ವಿಡಿಯೊ ಕೊಟ್ಟರು. ಮಾಡಿದವರು ಯಾರೆಂದು ತಿಳಿಯದ ಸಹವೈದ್ಯರು ಅದನ್ನು ನೋಡಿ ಕೈಚಳಕಕ್ಕೆ ಅಂಕ ಹಾಕಿದರು. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಅತಿ ಕಡಿಮೆ ಅಂಕ ಪಡೆದ ಕಾಲು ಭಾಗದ ವೈದ್ಯರ ರೋಗಿಗಳಲ್ಲಿ ಶೇ 14.5 ಮಂದಿಗೆ ತೊಡಕುಗಳಾಗಿದ್ದರೆ, ಅತಿ ಹೆಚ್ಚು ಅಂಕ ಪಡೆದ ಕಾಲು ಭಾಗದವರ ರೋಗಿಗಳಲ್ಲಿ ಶೇ 5.2 ಮಂದಿಗೆ ಮಾತ್ರ ಆಗಿದ್ದವು. ಶಸ್ತ್ರಚಿಕಿತ್ಸೆಯ ಹೆಸರು ಒಂದೇ, ಕೈ ಬೇರೆ.

ಆದ್ದರಿಂದ ಮುಂದಿನ ಭೇಟಿಗೆ ಹೋಗುವಾಗ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ: ಡಾಕ್ಟರೇ, ಕಳೆದ ವರ್ಷ ತಾವೇ ಮಾಡಿದ ಸ್ಲೀವ್ ಎಷ್ಟು, ಬೈಪಾಸ್ ಎಷ್ಟು? ಅವರಲ್ಲಿ ಎಷ್ಟು ಜನರನ್ನು ಮತ್ತೆ ಆಪರೇಷನ್ ಥಿಯೇಟರ್‌ಗೆ ಕರೆದೊಯ್ಯಬೇಕಾಯಿತು? ಐದು ವರ್ಷದ ಹಿಂದೆ ಮಾಡಿಸಿಕೊಂಡವರಲ್ಲಿ ಈಗಲೂ ತಪಾಸಣೆಗೆ ಬರುತ್ತಿರುವವರೆಷ್ಟು? ಬಿ12 ಮತ್ತು ಕಬ್ಬಿಣಾಂಶದ ಪರೀಕ್ಷೆಯನ್ನು ವರ್ಷಕ್ಕೆ ಎಷ್ಟು ಸಲ, ಯಾರು ನೋಡಿಕೊಳ್ಳುತ್ತಾರೆ? ಉತ್ತರವನ್ನು ಅದೇ ಹಾಳೆಯಲ್ಲಿ ಪ್ರಶ್ನೆಯ ಪಕ್ಕದಲ್ಲೇ ಬರೆದುಕೊಳ್ಳಿ.