ಹಳೆಯ ಪಿಕಪ್ ಟಾಪರ್: ಮೊದಲು ಅಳತೆ, ಆಮೇಲೆ ಸೋರಿಕೆ, ಕೊನೆಗೆ ಬಣ್ಣ

ಪಿಕಪ್ ಟ್ರಕ್ಕಿನ ಬೆಡ್ (ಹಿಂದಿನ ಸರಕಿನ ಜಾಗ) ಮೇಲೆ ಕೂರಿಸುವ, ಕಿಟಕಿ, ಹಿಂಬಾಗಿಲು ಇರುವ ಮುಚ್ಚಳವೇ ಟಾಪರ್. ಅಮೆರಿಕದಲ್ಲಿ ಹೊಸ ಫೈಬರ್‌ಗ್ಲಾಸ್ ಟಾಪರ್‌ಗೆ ಎರಡು ಸಾವಿರ ಡಾಲರ್‌ಗೂ ಮೇಲೆ ಬೀಳುತ್ತದೆ. ಟ್ರಕ್ ಮಾರಿದವರ ಹಿತ್ತಿಲಲ್ಲಿ ಉಳಿದುಹೋದ ಹಳೆಯದು ಕ್ರೇಗ್ಸ್‌ಲಿಸ್ಟ್, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್‌ಗಳಲ್ಲಿ ಕೆಲವೇ ನೂರು ಡಾಲರ್‌ಗೆ ಸಿಗುತ್ತದೆ. ಆದರೆ ‘ಎಲ್ಲ ಫೋರ್ಡ್‌ಗೂ ಆಗುತ್ತೆ’ ಎಂಬ ಮಾತನ್ನು ನಂಬಬೇಡಿ. ಫೋರ್ಡ್‌ನ ಎಫ್-150 ಪಿಕಪ್ ಒಂದರಲ್ಲೇ ಐದೂವರೆ, ಆರೂವರೆ, ಎಂಟು ಅಡಿಯ ಬೆಡ್‌ಗಳಿವೆ. ಉದ್ದ ಒಂದೇ ಇದ್ದರೂ ವಿನ್ಯಾಸ ಬದಲಾದ ವರ್ಷಗಳಲ್ಲಿ ಅಂಚಿನ ಅಗಲ, ಟೈಲ್‌ಗೇಟ್‌ನ (ಬೆಡ್‌ನ ಹಿಂದಿನ ಬಾಗಿಲಿನ) ಆಕಾರ ಬದಲಾಗುತ್ತವೆ.

ನೋಡಲು ಹೋಗುವ ಮುನ್ನ ನಿಮ್ಮ ಬೆಡ್‌ನ ಉದ್ದ, ಮುಂದಿನ ಅಗಲ, ಹಿಂದಿನ ಅಗಲ ಬರೆದಿಟ್ಟುಕೊಳ್ಳಿ. ಅಲ್ಲಿ ಟಾಪರ್‌ನ ಕೆಳ ಅಂಚನ್ನು ಅಳೆಯಿರಿ. ಮೂಲೆಯಿಂದ ಮೂಲೆಗೆ ಎರಡೂ ಕರ್ಣ ಸಮವಾಗಿರಬೇಕು. ವರ್ಷಗಟ್ಟಲೆ ತಗ್ಗುದಿಣ್ಣೆಯ ನೆಲದಲ್ಲಿ ಬಿದ್ದದ್ದು ತಿರುಚಿಕೊಂಡಿರುತ್ತದೆ, ಹಿಂಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಅಂಥದ್ದನ್ನು ಪುಕ್ಕಟೆ ಕೊಟ್ಟರೂ ಬಿಟ್ಟುಬನ್ನಿ. ಒಳಗೆ ತಯಾರಕರ ಸೀರಿಯಲ್ ಸಂಖ್ಯೆಯ ಚೀಟಿ ಇದ್ದರೆ ಫೋಟೊ ತೆಗೆದುಕೊಳ್ಳಿ. ಬಿಡಿಭಾಗ ತರಿಸಲು ಅದು ಬೇಕು. ಎತ್ತಲು ನಾಲ್ಕು ಜನ ಬೇಕೇ ಬೇಕು.

ಸೋರಿಕೆ ಹೆಚ್ಚಾಗಿ ಕಿಟಕಿಯಿಂದಲೇ. ಹಿಂದಿನವರು ಮೇಲಿಂದ ಮೆತ್ತಿದ ಸಿಲಿಕೋನ್ ಕಂಡರೆ ಅಲ್ಲೇ ಕಾರಣ ಸಿಕ್ಕಿತು: ಒಳಗಿನ ಸೀಲ್ ಒಣಗಿದೆ, ನೀರು ಬೇರೆ ದಾರಿ ಹುಡುಕಿದೆ. ಒಳಚೌಕಟ್ಟಿನ ಸ್ಕ್ರೂ ಬಿಚ್ಚಿ ಕಿಟಕಿಯನ್ನು ಪೂರ್ತಿ ಹೊರತೆಗೆಯಿರಿ. ಸಿಲಿಕೋನನ್ನು ಪ್ಲಾಸ್ಟಿಕ್ ಬ್ಲೇಡಿನಿಂದ ಒಂದು ಚೂರೂ ಬಿಡದೆ ಕೆರೆಯಿರಿ. ಅದರ ಮೇಲೆ ಬಣ್ಣವೂ ನಿಲ್ಲದು, ಹೊಸ ಟೇಪೂ ಅಂಟದು. ಸುತ್ತಲೂ ಬ್ಯೂಟೈಲ್ ಟೇಪ್ (ಜಿಗುಟಾದ ರಬ್ಬರ್ ಪಟ್ಟಿ) ಹಾಕಿ, ಎರಡು ತುದಿ ಸೇರುವ ಜಾಗ ಮೇಲ್ಭಾಗಕ್ಕೆ ಬಾರದಂತೆ ನೋಡಿಕೊಳ್ಳಿ. ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಆರಪಾರ ಬಿರುಕಿದ್ದರೆ ಅದರ ಎರಡೂ ತುದಿಗೆ 3 ಮಿ.ಮೀ. ರಂಧ್ರ ಕೊರೆಯಿರಿ, ಬಿರುಕು ಮುಂದುವರಿಯದು. ಒಳಬದಿಯನ್ನು 80 ನಂಬರಿನ ಉಪ್ಪು ಕಾಗದದಿಂದ ಉಜ್ಜಿ, ಮೂರು ಪದರ ಫೈಬರ್ ಮ್ಯಾಟನ್ನು ರೆಸಿನ್ (ಗಟ್ಟಿಯಾಗುವ ಅಂಟು) ಹಚ್ಚಿ ಅಂಟಿಸಿ. ಪಾಲಿಯೆಸ್ಟರ್ ರೆಸಿನ್ 100 ಗ್ರಾಂಗೆ ಎಂಇಕೆಪಿ ಗಟ್ಟಿಕಾರಕ ಸುಮಾರು ಒಂದೂವರೆ ಗ್ರಾಂ. ಹೆಚ್ಚಾದರೆ ಕಾದು ಸೀಳುತ್ತದೆ, ಕಡಿಮೆಯಾದರೆ ದಿನಗಳಾದರೂ ಜಿಗುಟು. ಎಂಇಕೆಪಿ ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ಕನ್ನಡಕ, ಕೈಗವಸು, ಆವಿ ತಡೆಯುವ ಕಾರ್ಟ್ರಿಜ್ ಮಾಸ್ಕ್ ಇಲ್ಲದೆ ಡಬ್ಬಿ ತೆರೆಯಬೇಡಿ.

ಮೇಲೆತ್ತಿದ ಹಿಂಬಾಗಿಲು ನಿಲ್ಲುತ್ತಿಲ್ಲವೆಂದರೆ ಅದನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ (ಅನಿಲ ತುಂಬಿದ ನಳಿಗೆ) ಸತ್ತಿದೆ. ಉದ್ದ ಮತ್ತು ನಳಿಗೆಯ ಮೇಲೆ ಅಚ್ಚಾದ ಬಲದ ಅಂಕಿ ಎರಡನ್ನೂ ನೋಡಿ ಅದೇ ಕೊಳ್ಳಿ. ಹೆಚ್ಚು ಬಲದ್ದು ಹಾಕಿದರೆ ಗಾಜಿನ ಕೀಲೇ ಕಿತ್ತುಬರುತ್ತದೆ.

ಬಣ್ಣ ಬರೀ ಮಂಕಾಗಿದ್ದರೆ 1500, ಆಮೇಲೆ 2000 ನಂಬರಿನ ವಾಟರ್ ಪೇಪರ್, ನಂತರ ಪಾಲಿಶ್ ಮಾಡುವ ಕಾಂಪೌಂಡ್, ವ್ಯಾಕ್ಸ್ ಸಾಕು. ಮೇಲಿನ ಪಾರದರ್ಶಕ ಪದರ (ಕ್ಲಿಯರ್ ಕೋಟ್) ಚಕ್ಕೆ ಚಕ್ಕೆಯಾಗಿ ಏಳುತ್ತಿದ್ದರೆ ಪಾಲಿಶ್ ಯಾವ ಕೆಲಸಕ್ಕೂ ಬಾರದು. ಉಜ್ಜಿ ತೆಗೆದು, ಪ್ರೈಮರ್‌ನಿಂದ ಶುರು ಮಾಡಬೇಕು.

ಕೂರಿಸುವಾಗ ಬೆಡ್‌ನ ಅಂಚಿಗೆ ಹೊಸ ಫೋಮ್ ಟೇಪ್ ಹಚ್ಚಿ, ಕ್ಲಾಂಪ್ ಹಾಕಿ. ಅಂಚಿಗೆ ತೂತು ಕೊರೆಯಬೇಡಿ. ಕ್ಯಾಬಿನ್ ಮೇಲಿನ ಮೂರನೇ ಬ್ರೇಕ್ ದೀಪವನ್ನು ಟಾಪರ್ ಮರೆಮಾಡುವುದರಿಂದ ಟಾಪರ್‌ನದ್ದೇ ಬ್ರೇಕ್ ದೀಪಕ್ಕೆ ವೈರ್ ಎಳೆಯಿರಿ. ಮಳೆಗಾಗಿ ಕಾಯದೆ, ಪೈಪಿನಿಂದ ಕೆಳಗಿನಿಂದ ಮೇಲಕ್ಕೆ ನೀರು ಬಿಡುತ್ತ ಬನ್ನಿ, ಇನ್ನೊಬ್ಬರು ಒಳಗೆ ಟಾರ್ಚ್ ಹಿಡಿದು ಕೂರಲಿ. ಒಂದು ವಾರ ಓಡಿಸಿದ ಮೇಲೆ ಫೋಮ್ ಅದುಮಿಕೊಂಡು ಕ್ಲಾಂಪ್ ಸಡಿಲವಾಗಿರುತ್ತದೆ. ಮತ್ತೊಮ್ಮೆ ಬಿಗಿ ಮಾಡಿ.