ತಗ್ಗಿಸಿದ ಪೋಲೋ, ಆಯ್ದ ಸ್ಪ್ರಿಂಗ್: ನನ್ನ ಅನುಭವ

ತಗ್ಗಿಸಿದ ಕಾರು ನಮ್ಮ ಹಂಪುಗಳನ್ನು ದಾಟುವುದಿಲ್ಲ ಎಂದು ಚಿಕ್ಕಮಗಳೂರಿನ ಗ್ಯಾರೇಜುಗಳಲ್ಲಿ ನನಗೆ ಹೇಳದವರಿಲ್ಲ. ನನ್ನ ಫೋಕ್ಸ್‌ವ್ಯಾಗನ್ ಪೋಲೋ ಜಿಟಿ ಟಿಎಸ್‌ಐ ಕಾರು ಬೇರೆ ಸ್ಪ್ರಿಂಗ್ ಹಾಕಿಸಿ ಈಗ ಸುಮಾರು 25 ಮಿ.ಮೀ. ತಗ್ಗಿದೆ. ಐದು ಜನರನ್ನು ಕೂರಿಸಿಕೊಂಡು, ಡಿಕ್ಕಿ ತುಂಬಿಕೊಂಡು ಚಾರ್ಮಾಡಿ ಘಾಟಿ ಇಳಿದು ಉಜಿರೆ ಸೇರುತ್ತದೆ. ಹೊಟ್ಟೆ ತಾಗುವುದಿಲ್ಲ, ತಿರುವಿನಲ್ಲಿ ಮೊದಲಿನಷ್ಟು ವಾಲುವುದೂ ಇಲ್ಲ.

ಮೊದಲು ಹಾಕಿಸಿದ್ದು ಯುರೋಪಿನ ಪೋಲೋಗೆಂದು ತಯಾರಾದ ಸ್ಪ್ರಿಂಗ್ ಸೆಟ್. ಡಬ್ಬಿಯ ಮೇಲೆ 40 ಮಿ.ಮೀ. ತಗ್ಗುತ್ತದೆ ಎಂದಿತ್ತು. ಹತ್ತಿರ ಹತ್ತಿರ ಹದಿನೆಂಟು ಸಾವಿರ ಕೊಟ್ಟೆ. ಹಾಕಿಸಿ ಅಳೆದರೆ ಇಳಿದದ್ದು 55ಕ್ಕಿಂತ ಹೆಚ್ಚು! ಇಲ್ಲಿಯ ಪೋಲೋ ಕಾರ್ಖಾನೆಯಿಂದಲೇ ಯುರೋಪಿನದಕ್ಕಿಂತ ಎತ್ತರವಾಗಿ ಬರುತ್ತಿತ್ತು. ಸ್ಪ್ರಿಂಗ್ ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವುದು ಅದರ ಉದ್ದ, ಬಿಗಿತ ಮತ್ತು ಮೇಲಿನ ಭಾರ; ಕಾರು ಮೊದಲು ಎಷ್ಟು ಎತ್ತರದಲ್ಲಿತ್ತು ಎಂಬುದಲ್ಲ. ಹಿಂದೆ ಮೂವರು ಕುಳಿತರೆ ಸಾಕು, ಕಾರು ಬಂಪ್ ಸ್ಟಾಪಿನ (ಸಸ್ಪೆನ್ಷನ್ ಪೂರ್ತಿ ಕುಗ್ಗಿದಾಗ ತಡೆಯುವ ರಬ್ಬರ್ ತುಂಡಿನ) ಮೇಲೇ ಕೂರುತ್ತಿತ್ತು. ಕಂಪನಿಯ ಶಾಕ್ ಅಬ್ಸಾರ್ಬರ್‌ಗಳಿಗೆ ಗಟ್ಟಿ ಸ್ಪ್ರಿಂಗಿನ ಮರುನೂಕು ತಡೆಯಲಾಗದೆ, ಹಂಪು ದಾಟಿದ ಮೇಲೂ ಕಾರು ಕುಣಿಯುತ್ತಲೇ ಇರುತ್ತಿತ್ತು. ಅರ್ಧ ಬೆಲೆಗೆ ಮಾರಿದೆ.

ಈ ನಡುವೆ ಸ್ಪ್ರಿಂಗಿನ ಸುತ್ತುಗಳ ಮಧ್ಯೆ ತುರುಕುವ ರಬ್ಬರ್ ಬಫರ್‌ಗಳನ್ನೂ ಪರೀಕ್ಷಿಸಿದೆ. ಹಿಂಭಾಗ ಎದ್ದು ನಿಂತಿತು, ನಿಜ. ಆದರೆ ಬಫರ್ ಕುಳಿತ ಸುತ್ತು ಕೆಲಸ ನಿಲ್ಲಿಸುತ್ತದೆ, ಉಳಿದವುಗಳ ಮೇಲೆ ಒತ್ತಡ ಹೆಚ್ಚುತ್ತದೆ. ಸಣ್ಣ ಗುಂಡಿಯೂ ಬೆನ್ನಿಗೆ ಗುದ್ದುತ್ತಿತ್ತು. ಎರಡು ಸಾವಿರ ಅದಕ್ಕೂ ಹೋಯಿತು.

ಆಮೇಲೆ ಅಂಗಡಿಯವರ ಅಂಕಿಗಳನ್ನು ಬದಿಗಿಟ್ಟು ನನ್ನ ರಸ್ತೆಯನ್ನೇ ಅಳೆದೆ. ರಸ್ತೆಗಳ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ಸಿನ ನಿಯಮದ ಹಂಪು ಕಾರು ಸಾಗುವ ದಿಕ್ಕಿನಲ್ಲಿ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ. ಪೋಲೋದ ಚಕ್ರಾಂತರ, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ದೂರ, ಎರಡೂವರೆ ಮೀಟರಿಗೆ ಸ್ವಲ್ಪ ಕಡಿಮೆ. ಹೀಗಾಗಿ ನಾಲ್ಕೂ ಚಕ್ರಗಳು ಹಂಪಿನ ಮೇಲೇ ನಿಲ್ಲುತ್ತವೆ. ನಡು ಹೊಟ್ಟೆಯ ಕೆಳಗೆ ಚಕ್ರಗಳ ಮಟ್ಟಕ್ಕಿಂತ ಉಬ್ಬು ಏರುವುದು ನಾಲ್ಕೂವರೆ ಸೆಂ.ಮೀ. ಅಷ್ಟೇ. ತೊಂದರೆ ಕೊಡುವುದು ರಾತ್ರೋರಾತ್ರಿ ಡಾಂಬರು ಸುರಿದು ಎಬ್ಬಿಸಿದ ಕಿರಿದಾದ ದಿಬ್ಬ. ಅದು ಚಕ್ರಗಳ ನಡುವೆ ಪೂರ್ತಿ ಎತ್ತರದಲ್ಲಿ ಎದ್ದು ನಿಲ್ಲುತ್ತದೆ. ನನ್ನ ದಾರಿಯಲ್ಲಿ ಅಂಥದ್ದು ಎಲ್ಲೆಲ್ಲಿದೆ, ಎಷ್ಟೆತ್ತರವಿದೆ ಎಂದು ಹಲಗೆ ಇಟ್ಟು, ಟೇಪು ಹಿಡಿದು ಬರೆದುಕೊಂಡೆ. 25 ಎಂಬ ಅಂಕಿ ಬಂದದ್ದು ಅಲ್ಲಿಂದ.

ಮುಂದಿನದು ಹಿಂಬದಿಯ ಲೆಕ್ಕ. ಎಲ್ಲರೂ ಮುಂದಿನ ಚಕ್ರ ಮತ್ತು ಅದರ ಮೇಲಿನ ಫೆಂಡರ್ ತಗಡಿನ ನಡುವಿನ ಸಂದು ನೋಡಿ ಸ್ಪ್ರಿಂಗ್ ಕೊಳ್ಳುತ್ತಾರೆ. ನಾನು ಹಿಂಬದಿಯಿಂದ ಶುರು ಮಾಡಿದೆ. ಶಾಕಿನ ದಂಡಕ್ಕೆ ಪ್ಲಾಸ್ಟಿಕ್ ಟೈ ಬಿಗಿದು, ಪೂರ್ತಿ ಭಾರ ಹೇರಿ ಘಾಟಿಯಲ್ಲಿ ಓಡಿಸಿದೆ. ಟೈ ಎಲ್ಲಿಗೆ ಜಾರಿತೋ ಅಲ್ಲಿಯವರೆಗೆ ಸಸ್ಪೆನ್ಷನ್ ಕುಗ್ಗಿದೆ ಎಂದರ್ಥ. ಭಾರ ತುಂಬಿ ನಿಂತಾಗಲೂ ಬಂಪ್ ಸ್ಟಾಪಿಗೆ 35–40 ಮಿ.ಮೀ. ಉಳಿಯಲೇಬೇಕು ಎಂದು ಪಟ್ಟು ಹಿಡಿದೆ.

ಆ ಅಳತೆಗೆ ಸಿದ್ಧ ಸ್ಪ್ರಿಂಗ್ ಸಿಗಲಿಲ್ಲ. ಪೀಣ್ಯದ ಸಣ್ಣ ಕಾರ್ಖಾನೆಯೊಂದರಲ್ಲಿ ಸುತ್ತಿಸಿದೆ, ನಾಲ್ಕಕ್ಕೂ ಸೇರಿ ಇಪ್ಪತ್ತು ಸಾವಿರದ ಆಸುಪಾಸು. ತಂತಿಯ ದಪ್ಪದಲ್ಲಿ ಜಾಗ್ರತೆ ಬೇಕು: ಬಿಗಿತ ದಪ್ಪದ ನಾಲ್ಕನೇ ಘಾತದಲ್ಲಿ ಏರುತ್ತದೆ. 12ರ ಬದಲು 12.5 ಮಿ.ಮೀ. ತಂತಿ ಹಾಕಿದರೆ ಶೇಕಡಾ 18ರಷ್ಟು ಗಟ್ಟಿ. ಅಲ್ಲಿಯ ಮೇಸ್ತ್ರಿ ‘ಇಷ್ಟು ಸಣ್ಣ ವ್ಯತ್ಯಾಸಕ್ಕೆ ಏನಾಗುತ್ತದೆ ಸರ್’ ಎಂದರು; ನಾನು ಕೇಳಿದ ದಪ್ಪವನ್ನೇ ಹಾಕಿಸಿದೆ. ಬಳಸುವ ಮೊದಲೇ ಸುತ್ತುಗಳು ಒಂದಕ್ಕೊಂದು ತಾಗುವಂತೆ ಪ್ರೆಸ್ಸಿನಲ್ಲಿ ಹಲವು ಬಾರಿ ಒತ್ತಿಸಿದ್ದರಿಂದ ಆಮೇಲೆ ಕುಸಿದಿಲ್ಲ. ಭಾರವಿಲ್ಲದಾಗ ಸ್ಪ್ರಿಂಗಿನ ಉದ್ದ ಎಷ್ಟು, ಹಿಂದಿನ ಬಂಪ್ ಸ್ಟಾಪಿಗೆ ಏನು ಮಾಡಿದೆ ಎಂಬುದು ನನ್ನಲ್ಲೇ ಇರಲಿ.

ತಗ್ಗಿದ ಕಾರಿಗೆಂದೇ ಇರುವ ಗಿಡ್ಡ ಶಾಕ್‌ಗಳಿಗೆ ಮೂವತ್ತು ಸಾವಿರ ಕೊಟ್ಟೆ. ಇದರಲ್ಲಿ ಉಳಿಸಲು ಹೋಗಬೇಡಿ, ಮೊದಲ ಸೆಟ್ ಸೋತದ್ದರಲ್ಲಿ ಇದರ ಪಾಲು ದೊಡ್ಡದು. ಹಾಕಿಸಿ ಕೆಲವು ನೂರು ಕಿಲೋಮೀಟರ್ ಓಡಿಸಿದ ಮೇಲೆಯೇ ಚಕ್ರಗಳ ಅಲೈನ್‌ಮೆಂಟ್ ಮಾಡಿಸಿದೆ. ಈಗ ಮುಂದಿನ ಟೈರುಗಳ ಒಳ ಅಂಚನ್ನು ಬೆರಳಿಟ್ಟು ನೋಡುತ್ತಿರುತ್ತೇನೆ. ಸವೆತ ಎರಡೂ ಬದಿ ಸಮನಾಗಿದೆ.