ಕಪ್ಲಿಂಗ್ 'ಟಕ್' ಅನ್ನಬೇಕು: ನಮ್ಮ ಫಯರ್ ರೇಸ್ ಟೀಮ್ ಕಟ್ಟಿದ ಅನುಭವ

ಈ ಸಲದ ಓಣಂ ಕ್ರೀಡಾಕೂಟದ ಫಯರ್ ರೇಸಿನಲ್ಲಿ, ಅಂದರೆ ಓಡಿ ಹೋಸ್ ಜೋಡಿಸಿ ಗುರಿಗೆ ನೀರು ಹೊಡೆಯುವ ಆಟದಲ್ಲಿ, ನಮ್ಮ ಆರು ಜನ 24 ಸೆಕೆಂಡಿನಲ್ಲಿ ನೀರು ಹೊಡೆದು ಡಬ್ಬ ಬೀಳಿಸಿದರು. ಎರಡನೆಯ ಸ್ಥಾನದವರಿಗೆ ಮೂವತ್ತೊಂದೋ ಮೂವತ್ತೆರಡೋ ಬೇಕಾಯಿತು. ಎರಡು ವರ್ಷದ ಹಿಂದೆ ಇದೇ ಮೈದಾನದ ಬದಿಯಲ್ಲಿ ನಿಂತು "ಬೆಂಕಿಯೇ ಇಲ್ಲದೆ ಬೆಂಕಿ ನಂದಿಸುವ ಓಟವಾ? ನಿನಗೆ ಬೇರೆ ಕೆಲಸ ಇಲ್ಲವಾ ಮಾರಾಯ?" ಅಂತ ಕೇಳಿದವರು ಈ ಸಲ ನಮ್ಮ ಹೋಸ್ ಹೊತ್ತು ಜೀಪಿಗೆ ಹಾಕಿದರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಮ್ಮೂರು ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಇಲ್ಲಿ ಯುವಕ ಸಂಘ ಅಂದರೆ ಕಬಡ್ಡಿ ಅಥವಾ ಹಗ್ಗಜಗ್ಗಾಟ, ಮೂರನೆಯದು ಇಲ್ಲ. ನಾನು ಅಗ್ನಿಶಾಮಕ ಠಾಣೆಯಲ್ಲಿ ಸಿವಿಲ್ ಡಿಫೆನ್ಸ್ ಸ್ವಯಂಸೇವಕನಾಗಿ ತರಬೇತಿ ಮುಗಿಸಿ ಬಂದಿದ್ದೆ. ಅಮೆರಿಕದ ಲಾಂಗ್ ಐಲೆಂಡ್ ಕಡೆ ಊರೂರಿನ ಸ್ವಯಂಸೇವಕ ಅಗ್ನಿಶಾಮಕರು ಟೀಮ್ ಕಟ್ಟಿಕೊಂಡು ರೇಸ್ ಮಾಡುವ ವೀಡಿಯೊಗಳನ್ನು ರಾತ್ರಿಯಿಡೀ ನೋಡಿದ್ದೇನೆ. ಅವರದು ಎಂಟು ಸ್ಪರ್ಧೆ. ಏಣಿ, ಹೋಸ್, ಪಂಪ್, ಕೊನೆಗೆ ಬಕೆಟ್. ಮೊದಲ ಐದು ಸ್ಥಾನಕ್ಕೆ 5ರಿಂದ 1ರವರೆಗೆ ಪಾಯಿಂಟ್. ಯುರೋಪಿನ ಚೆಕ್ ದೇಶದಲ್ಲಿ ಏಳು ಜನ ಸೇರಿ ಪಂಪಿಗೆ ನೀರೆಳೆಯುವ ಸಕ್ಷನ್ ಪೈಪ್ ಹಾಕುವುದರಿಂದ ಹಿಡಿದು ಗುರಿಗೆ ನೀರು ಹೊಡೆಯುವವರೆಗೆ ಓಡುವ ಆಟವೂ ಇದೆ. ನಾನು ಎರಡನ್ನೂ ಕಲಸಿ ನಮ್ಮೂರಿಗೆ ಆಗುವ ಹಾಗೆ ಮಾಡಿಕೊಂಡೆ. ಮೂವತ್ತು ಮೀಟರ್ ಓಟ, ಎರಡು ಹೋಸ್, ಹೋಸಿನ ತುದಿಗೆ ಹಾಕಿ ನೀರು ಹೊಡೆಯುವ ಒಂದು ಬ್ರಾಂಚ್, ಎಂಟು ಮೀಟರ್ ಆಚೆ ಮರದ ಮೇಲೆ ಖಾಲಿ ಡಬ್ಬ. ಪಂಪ್ ಮೊದಲೇ ಚಾಲೂ ಇರುತ್ತದೆ, ವಾಲ್ವ್ ಮಾತ್ರ ಬಂದ್.

ಮೊದಲ ಟೀಮಿಗೆ ಕಬಡ್ಡಿ ಹುಡುಗರನ್ನೇ ಹಾಕಿದೆ. ಚಿರತೆ ಓಡಿದ ಹಾಗೆ ಓಡುತ್ತಾರೆ. ಆದರೆ ಮೊದಲ ದಿನದ ಟೈಮ್ 58 ಸೆಕೆಂಡ್! ಎರಡು ತಿಂಗಳು ಬೆಳಿಗ್ಗೆ ಓಡಿಸಿ ಓಡಿಸಿ 49ಕ್ಕೆ ತಂದೆ, ಅಲ್ಲಿಂದ ಕೆಳಗೆ ಇಳಿಯಲೇ ಇಲ್ಲ. ನನಗೂ ಬೇಸರ ಬಂದಿತ್ತು. ಒಂದು ಭಾನುವಾರ ತಂಗಿಯ ಮಗ ಮೊಬೈಲಿನಲ್ಲಿ ತೆಗೆದ ವೀಡಿಯೊವನ್ನು ನಿಧಾನ ಮಾಡಿ ನೋಡಿದೆ. ಓಟಕ್ಕೆ ಹೋಗುತ್ತಿದ್ದದ್ದು ಐದಾರು ಸೆಕೆಂಡ್ ಅಷ್ಟೆ. ಉಳಿದದ್ದೆಲ್ಲ ಹೋಸ್ ಜೋಡಿಸುವ ಕಪ್ಲಿಂಗ್ ಹತ್ತಿರ ಬಗ್ಗಿ ನಿಂತು ತಡಕಾಡುವುದರಲ್ಲಿ ಹೋಗುತ್ತಿತ್ತು. ಎರಡು ತಿಂಗಳು ಕಾಲಿಗೆ ತರಬೇತಿ ಕೊಟ್ಟಿದ್ದೆ, ಕೈಗೆ ಕೊಟ್ಟಿರಲಿಲ್ಲ.

ಅವತ್ತೇ ಓಟ ನಿಲ್ಲಿಸಿದೆ. ಎಲ್ಲರೂ ನಕ್ಕರು, ಓಡದೆ ರೇಸ್ ಗೆಲ್ಲುತ್ತಾನಂತೆ ಅಂತ. ಅಡಿಕೆ ಸುಲಿಯುವ ಜಗಲಿಯಲ್ಲಿ ಸಾಲಾಗಿ ಕೂರಿಸಿ ಒಬ್ಬೊಬ್ಬನ ಮಡಿಲಿಗೆ ಒಂದೊಂದು ಜೊತೆ ಕಪ್ಲಿಂಗ್ ಕೊಟ್ಟೆ. ದಿನಕ್ಕೆ ಇನ್ನೂರು ಸಲ ಹಾಕು, ತೆಗೆ. ಒಂದು ವಾರದ ನಂತರ ಲೈಟ್ ಆಫ್ ಮಾಡಿ ಕತ್ತಲಲ್ಲಿ. ಗಂಡು ಕಪ್ಲಿಂಗ್ ಹೆಣ್ಣು ಕಪ್ಲಿಂಗಿನೊಳಗೆ ಸರಿಯಾಗಿ ಕೂತಾಗ ಎರಡೂ ಕಿವಿ (ಸ್ಪ್ರಿಂಗಿನ ಕೊಕ್ಕೆ) ಒಟ್ಟಿಗೆ ಹಿಡಿದು ಒಂದೇ 'ಟಕ್' ಬರುತ್ತದೆ. ಒಂದು ಕಿವಿ ಮಾತ್ರ ಹಿಡಿದರೆ ಶಬ್ದ ಮಂದ, 'ಟಪ್' ಅಂದ ಹಾಗೆ. ಹುಡುಗರಿಗೆ ಹೇಳಿದ್ದು ಇಷ್ಟೇ: ಕಣ್ಣಿನಿಂದ ನೋಡಬೇಡಿ, ಟಕ್ ಕೇಳಿದ ಮೇಲೆ ಒಮ್ಮೆ ಹಿಂದಕ್ಕೆ ಎಳೆಯಿರಿ, ಬಿಟ್ಟು ಓಡಿ.

ಆ ಎಳೆತವನ್ನು ಬಿಟ್ಟದ್ದಕ್ಕೆ ಒಮ್ಮೆ ಅನುಭವಿಸಿದ್ದೇವೆ. ಅವಸರದಲ್ಲಿ ಒಬ್ಬ ಅರ್ಧ ಕೂತ ಕಪ್ಲಿಂಗ್ ಬಿಟ್ಟು ಓಡಿದ. ಅದೇ ಹೊತ್ತಿಗೆ ಪಂಪಿನವನು ವಾಲ್ವನ್ನು ಒಂದೇ ಏಟಿಗೆ ತಿರುಗಿಸಿದ. ಕಪ್ಲಿಂಗ್ ಕಳಚಿ ಹಾವು ಹೊರಳಿದ ಹಾಗೆ ಹೊರಳಿ ಇನ್ನೊಬ್ಬನ ಮೊಣಕಾಲ ಕೆಳಗಿನ ಎಲುಬಿಗೆ ಬಡಿಯಿತು. ನಾಲ್ಕು ಹೊಲಿಗೆ. ಆಸ್ಪತ್ರೆ ಖರ್ಚು ನಾನೇ ಕೊಟ್ಟೆ, ಸುಮಾರು ಎರಡೂವರೆ ಸಾವಿರ. ಅವನ ಅಮ್ಮನ ಎದುರು ಹೋಗಿ ನಿಂತದ್ದು ಅದಕ್ಕಿಂತ ಕಷ್ಟವಾಗಿತ್ತು. ಅಂದಿನಿಂದ ಬೂಟು, ಹೆಲ್ಮೆಟ್ ಇಲ್ಲದೆ ಯಾರೂ ಹೋಸ್ ಮುಟ್ಟುವ ಹಾಗಿಲ್ಲ. ವಾಲ್ವ್ ಮೊದಲು ಕಾಲು ಸುತ್ತು, ಹೋಸ್ ತುಂಬಿ ಬಿಗಿಯಾದ ಮೇಲೆ ಪೂರ್ತಿ. ಇದರಿಂದ ಅರ್ಧ ಸೆಕೆಂಡ್ ಹೋಗುತ್ತದೆ, ಹೋಗಲಿ.

ನಮ್ಮ ಕೆಂಪು ಮಣ್ಣು ಕಪ್ಲಿಂಗಿಗೆ ದೊಡ್ಡ ಶತ್ರು. ಮುರಕಲ್ಲಿನ ಹುಡಿ ಸ್ಪ್ರಿಂಗ್ ಒಳಗೆ ಕೂತರೆ ಕಿವಿ ಒಳಗೇ ಸಿಕ್ಕಿಕೊಳ್ಳುತ್ತದೆ. ಮೊದಲು ಗ್ರೀಸ್ ಹಚ್ಚಿದೆವು, ಅದು ಹುಡಿಯನ್ನು ಇನ್ನೂ ಜಾಸ್ತಿ ಹಿಡಿಯಿತು, ವಾಷರ್ ಕೂಡ ಊದಿಕೊಂಡಿತು. ಈಗ ಹಳೆಯ ಹಲ್ಲುಜ್ಜುವ ಬ್ರಷ್, ಸೋಪಿನ ನೀರು, ಅಷ್ಟೆ.

ಇನ್ನು ದುಡ್ಡಿನ ವಿಷಯ. ಹೊಸ 63 ಎಂಎಂ ಹೋಸ್, 15 ಮೀಟರಿನದು, ಕಪ್ಲಿಂಗ್ ಸಮೇತ ಒಂದಕ್ಕೆ ನಾಲ್ಕು ಸಾವಿರದ ಹತ್ತಿರ ಬಿತ್ತು. ಮೊದಲು ಉಳಿಸಲು ಹೋಗಿ ಮಂಗಳೂರಿನ ಒಂದು ಗುಜರಿ ಅಂಗಡಿಯಿಂದ ಹಳೆಯದು ನಾಲ್ಕು ತಂದಿದ್ದೆ, ಒಂದಕ್ಕೆ 900ರ ಹಾಗೆ. ಮೊದಲ ವಾರವೇ ಎರಡು ಮಡಿಕೆ ಬಿದ್ದ ಕಡೆ ಸೀಳಿದವು. ಉಳಿದೆರಡನ್ನು ನೀರಿಲ್ಲದ ಅಭ್ಯಾಸಕ್ಕೆ ಇಟ್ಟುಕೊಂಡಿದ್ದೇವೆ. ನನ್ನ ಮಾತು ಕೇಳುವುದಾದರೆ ಪಂದ್ಯಕ್ಕೆ ಎರಡು ಹೊಸ ಹೋಸ್, ಅಭ್ಯಾಸಕ್ಕೆ ಹಳೆಯದು, ಹೀಗೆ ಇಡಿ. ಪಂಪ್ ಮಾತ್ರ ನಮ್ಮ ತೋಟದ್ದೇ, ಮೂರು ಇಂಚಿನ 5 ಎಚ್‌ಪಿ. ಅದರ ಬಾಯಿಗೆ ಫಯರ್ ಹೋಸ್ ಕೂರುವುದಿಲ್ಲ. ಲೇತಿನಲ್ಲಿ ಅಡಾಪ್ಟರ್ ಮಾಡಿಸಲು 1,800 ಆಯಿತು. ಮೊದಲನೆಯದರ ಮರೆ (ಥ್ರೆಡ್) ಸರಿಯಾಗದೆ ಎರಡನೆಯದು ಮಾಡಿಸಿದ್ದು ಬೇರೆ. ಹೆಲ್ಮೆಟ್, ಬೂಟು, ಡೀಸೆಲ್, ಚಹಾ, ಎಲ್ಲ ಸೇರಿ ಎರಡು ವರ್ಷಕ್ಕೆ ಐವತ್ತೈದು, ಅರವತ್ತು ಸಾವಿರ ಹೋಗಿರಬಹುದು. ಅದರಲ್ಲಿ ಇಪ್ಪತ್ತು ಸಾವಿರ ಸಂಘದ್ದು, ಉಳಿದದ್ದು ನನ್ನ ಅಡಿಕೆಯದ್ದು.

ತೋಟದ ಪಂಪಿನಲ್ಲಿ ಫಯರ್ ರೇಸ್ ಆಗುವುದೇ ಇಲ್ಲ ಅಂತ ತಿಳಿದವರೇ ಹೇಳಿದ್ದರು. ಎರವಲು ತಂದ 20 ಎಂಎಂ ನಾಜಲ್ ಹಾಕಿದಾಗ ಅವರ ಮಾತು ನಿಜವಾಯಿತು. ನೀರು ಬೇಕಾದಷ್ಟು ಬರುತ್ತಿತ್ತು, ಆದರೆ ಎಂಟು ಮೀಟರ್ ತಲುಪುವಷ್ಟರಲ್ಲಿ ಬಾಗಿ ಬೀಳುತ್ತಿತ್ತು. ಡಬ್ಬ ಒದ್ದೆ ಆಗುತ್ತಿತ್ತೇ ಹೊರತು ಬೀಳುತ್ತಿರಲಿಲ್ಲ. ಈ ಪಂಪಿಗೆ ಅಷ್ಟು ದೊಡ್ಡ ಬಾಯಿಗೆ ಪ್ರೆಷರ್ ಕೊಡುವ ತಾಕತ್ತಿಲ್ಲ. 12 ಎಂಎಂಗೆ ಇಳಿಸಿದೆ. ನೀರು ಕಡಿಮೆ, ಏಟು ಜೋರು. ಡಬ್ಬ ಹಾರಿ ಬೇಲಿ ಆಚೆ ಬಿತ್ತು. ಆ ದಿನ ಹುಡುಗರು ನನ್ನನ್ನು ಎತ್ತಿ ಕೆರೆಗೆ ಹಾಕಿದರು.

ಭಾಷೆಯಿಂದಲೂ ಸೆಕೆಂಡ್ ಕಳೆದುಕೊಂಡಿದ್ದೇವೆ. ಟೀಮಿನಲ್ಲಿ ಮೂವರು ತುಳು, ಇಬ್ಬರು ಕನ್ನಡ, ಒಬ್ಬ ಮಲಯಾಳ. ಒಬ್ಬ "ನೀರು ಬಿಡು" ಅಂದರೆ ಇನ್ನೊಬ್ಬ "ವೆಳ್ಳಂ, ವೆಳ್ಳಂ" ಅನ್ನುತ್ತಿದ್ದ. ಒಮ್ಮೆ ಪಂಪಿನವನು ಜನರ ಗಲಾಟೆಯಲ್ಲಿ "ಬಿಡಬೇಡ" ಅಂದದ್ದನ್ನು "ಬಿಡು" ಅಂತ ಕೇಳಿಸಿಕೊಂಡ. ಕೊನೆಗೆ ಕೂ ಹಾಕುವುದು ಅಂತ ಮಾಡಿದೆವು, ಗುಡ್ಡದಿಂದ ಗುಡ್ಡಕ್ಕೆ ಹಿರಿಯರು ಕೂ ಹಾಕುತ್ತಿದ್ದರಲ್ಲ, ಹಾಗೆ. ಒಂದು ಕೂ ಅಂದರೆ ನೀರು, ಎರಡು ಕೂ ಅಂದರೆ ಬಂದ್. ಎಷ್ಟೇ ಮೈಕ್ ಕೂಗಲಿ, ಕೂ ಕೇಳುತ್ತದೆ.

ಹೋಸನ್ನು ಡಬಲ್ ರೋಲ್ ಮಾಡಬೇಕು, ಅಂದರೆ ನಡುವಿಗೆ ಮಡಚಿ ಎರಡೂ ಕಪ್ಲಿಂಗ್ ಹೊರಗೆ ಬರುವ ಹಾಗೆ ಸುತ್ತಬೇಕು. ರೋಲಿನಲ್ಲಿ ಎರಡು ಕಪ್ಲಿಂಗ್ ನಡುವೆ ನಾವು ಎಷ್ಟು ಅಂತರ ಬಿಡುತ್ತೇವೆ, ಹೆಬ್ಬೆರಳು ಎಲ್ಲಿಡುತ್ತೇವೆ ಅನ್ನುವುದನ್ನು ಮಾತ್ರ ಹೇಳುವುದಿಲ್ಲ. ನಮಗೆ ಮೂರು ಸೆಕೆಂಡ್ ಸಿಕ್ಕಿದ್ದು ಅಲ್ಲಿ. ಮುಂದಿನ ವರ್ಷವೂ ಪಂದ್ಯ ಇದೆ ಅಲ್ವಾ.

ಬಕೆಟ್ ಸಾಲು ಬೇರೆಯೇ ಆಟ. ಹತ್ತು ಜನ ಸಾಲು ನಿಂತು 200 ಲೀಟರ್ ಡ್ರಮ್ ತುಂಬಿಸಿ ಉಕ್ಕಿಸಬೇಕು. ಮೊದಲು ಬಕೆಟ್ ಕಂಠಮಟ್ಟ ತುಂಬಿಸುತ್ತಿದ್ದೆವು, ಅರ್ಧ ನೀರು ಮೈಮೇಲೆ. ಮುಕ್ಕಾಲು ತುಂಬಿಸಿದ ಮೇಲೆ ಕೈ ಹಗುರವಾಯಿತು, ಟೈಮೂ ಇಳಿಯಿತು. ಸಾಲಿನಲ್ಲಿ ಹಿಡಿಕೆಯನ್ನು ಇಬ್ಬರು ಹಿಡಿದಾಗ ಬೆರಳು ಸಿಕ್ಕುತ್ತದೆ, ಅದಕ್ಕೆ ಕೊಡುವವನು ಬಕೆಟ್ ಬುಡಕ್ಕೆ ಕೈ ಕೊಡಬೇಕು, ತೆಗೆದುಕೊಳ್ಳುವವನಿಗೆ ಹಿಡಿಕೆ. ಇಲ್ಲಿ ನನಗೊಂದು ಹುಚ್ಚು ಹತ್ತಿತು. ಪಂಪ್ ಬರುವ ಮೊದಲು ನಮ್ಮಲ್ಲಿ ಅಡಿಕೆ ಹಾಳೆಯಲ್ಲಿ ತೋಟಕ್ಕೆ ನೀರು ಚೇಪುತ್ತಿದ್ದರು, ಅಂದರೆ ಮೊಗೆದು ಬೀಸಿ ಎರಚುತ್ತಿದ್ದರು. ಪಕ್ಕದ ಮನೆಯ ಮಾವ, ಎಪ್ಪತ್ತು ದಾಟಿದವರು, ಚಿಕ್ಕಂದಿನಲ್ಲಿ ಮಾಡಿದವರು. ಅವರನ್ನು ಕರೆದು ಕೊನೆಯ ಜಾಗದಲ್ಲಿ ಹಾಳೆಯಿಂದ ಡ್ರಮ್ಮಿಗೆ ಚೇಪಿಸಿ ನೋಡಿದೆ. ಎಂಥ ಚಂದ! ನೀರು ಹಾಳೆಯಿಂದ ಎದ್ದು ಒಂದೇ ಹಲಗೆಯ ಹಾಗೆ ಹೋಗುತ್ತದೆ. ಆದರೆ ಡ್ರಮ್ಮಿನ ಬಾಯಿ ಸಣ್ಣದು, ಮೂರರಲ್ಲಿ ಒಂದು ಪಾಲು ಹೊರಗೆ. ಪಂದ್ಯಕ್ಕೆ ಆಗಲಿಲ್ಲ. ಆದರೆ ಆ ಸೊಂಟದ ತಿರುವನ್ನು ನಮ್ಮ ಹುಡುಗರು ಮಾವನಿಂದ ಕಲಿತರು, ಈಗ ಡ್ರಮ್ ಹತ್ತಿರ ನಿಲ್ಲುವವನು ಬಕೆಟ್ ಸುರಿಯುವುದು ಹಾಗೆಯೇ.

ಏಣಿ ಹತ್ತುವ ಆಟಕ್ಕೆ ಅಡಿಕೆ ಮರ ಹತ್ತುವ ಒಬ್ಬನನ್ನು ಹಾಕಿದೆ. ಮರದಲ್ಲಿ ಅವನಷ್ಟು ವೇಗ ಯಾರಿಗೂ ಇಲ್ಲ. ಏಣಿಯಲ್ಲಿ ಮೊದಲ ತಿಂಗಳು ಮೆಟ್ಟಿಲು ತಪ್ಪುತ್ತಿದ್ದ, ಮರ ಹತ್ತುವಾಗ ಕಾಲಿಗೆ ತಳೆ (ಹಗ್ಗದ ಬಳೆ) ಹಾಕಿ ಎರಡು ಕಾಲು ಒಟ್ಟಿಗೆ ಎಳೆದು ರೂಢಿ. ಕಾಲು ಬೇರೆ ಬೇರೆ ಇಡುವುದನ್ನು ಕಲಿತ ಮೇಲೆ ಅವನನ್ನು ಹಿಡಿಯಲಾಗಲಿಲ್ಲ. ಏಣಿ ಹಿಡಿಯುವ ಇಬ್ಬರು ಮಾತ್ರ ಗಟ್ಟಿ ಆಳು ಬೇಕು, ಅದಕ್ಕೆ ಹಗ್ಗಜಗ್ಗಾಟದವರೇ ಸರಿ.

ಅಮೆರಿಕದ ಅಗ್ನಿಶಾಮಕರ ಕಾಂಬ್ಯಾಟ್ ಚಾಲೆಂಜ್ ಅನ್ನುವ ಸ್ಪರ್ಧೆಯಲ್ಲಿ ಕೊನೆಗೆ 175 ಪೌಂಡ್ ಗೊಂಬೆಯನ್ನು ಹಿಂದಕ್ಕೆ ಎಳೆಯಬೇಕು, ನಮ್ಮ ಲೆಕ್ಕದಲ್ಲಿ 80 ಕಿಲೋ ಹತ್ತಿರ. ಅದನ್ನೂ ಮಾಡೋಣ ಅಂತ ಹಳೆಯ ಪ್ಯಾಂಟಿಗೆ ಮರಳು ತುಂಬಿದೆ. ಮೂರನೆಯ ಎಳೆತಕ್ಕೆ ಹೊಲಿಗೆ ಹೋಯಿತು. ಮರಳಿನ ಸಣ್ಣ ಸಣ್ಣ ಚೀಲ ಕಟ್ಟಿ, ಸಂದಿಗೆ ಅಡಿಕೆ ಸಿಪ್ಪೆ ತುರುಕಿ, ಮೇಲೆ ಟಾರ್ಪಾಲ್ ಹೊಲಿಸಿದ ಮೇಲೆ ಇವತ್ತಿಗೂ ಇದೆ. ಮಕ್ಕಳು ಅದಕ್ಕೆ ಹೆಸರೂ ಇಟ್ಟಿದ್ದಾರೆ.

ಕಳೆದ ಮಾರ್ಚಿನಲ್ಲಿ ಹತ್ತಿರದ ಒಂದು ಮನೆಯ ಹಟ್ಟಿಗೆ ತಾಗಿದ ಬೈಹುಲ್ಲಿಗೆ ಬೆಂಕಿ ಬಿತ್ತು. 101ಕ್ಕೆ ಫೋನ್ ಮಾಡಿದೆವು. ನಮ್ಮ ದಾರಿಯಲ್ಲಿ ಗಾಡಿ ಬರಲು ಅರ್ಧ ಗಂಟೆಗಿಂತ ಜಾಸ್ತಿ ಬೇಕು. ಕೆರೆಯಿಂದ ಹಟ್ಟಿಗೆ ಸಾಲು ನಿಂತೆವು, ಹೇಳುವ ಮೊದಲೇ ಹುಡುಗರು ಅವರವರ ಜಾಗದಲ್ಲಿದ್ದರು. ದನಗಳನ್ನು ಬಿಚ್ಚಿದೆವು, ಹುಲ್ಲು ಅರ್ಧ ಹೋಯಿತು, ಹಟ್ಟಿಯ ಮಾಡು ಉಳಿಯಿತು. ಗಾಡಿ ಬಂದು ಉಳಿದ ಕೆಂಡ ಆರಿಸಿತು. ಆಮೇಲೆ ಊರಿನಲ್ಲಿ ಯಾರೂ ನಮ್ಮನ್ನು ಬೆಂಕಿ ಇಲ್ಲದ ಓಟದವರು ಅನ್ನಲಿಲ್ಲ.

ಓಣಂ ಪಂದ್ಯದ ಬಹುಮಾನ ಐದು ಸಾವಿರ, ಜೊತೆಗೆ ಒಂದು ನೇಂದ್ರ ಬಾಳೆಗೊನೆ. ದುಡ್ಡಿನಲ್ಲಿ ಮೂರನೆಯ ಹೋಸಿಗೆ ಅಡ್ವಾನ್ಸ್ ಕೊಟ್ಟಿದ್ದೇನೆ. ಈಗ ಬಾಯಾರು ಕಡೆಯವರೂ ಬದಿಯಡ್ಕ ಕಡೆಯವರೂ ಟೀಮ್ ಕಟ್ಟುತ್ತೇವೆ ಅಂತ ಬಂದು ಕೇಳುತ್ತಿದ್ದಾರೆ. ಬರುವವರು ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಬನ್ನಿ, ಬೆಳಿಗ್ಗೆ ಹೋಸ್ ಅಂಗಳದಲ್ಲಿ ಒಣಗುತ್ತಿರುತ್ತದೆ. ಕಪ್ಲಿಂಗ್ ನಾನು ಕೊಡುತ್ತೇನೆ, ಬೂಟು ನಿಮ್ಮದೇ ತನ್ನಿ.